ಬೋರ್‌ವೆಲ್ ನೀರು ಕನ್ನಡಿಯಂತಿದೆ, ರಿಪೋರ್ಟ್ ಮಾತ್ರ ಬೇರೆಯೇ ಹೇಳುತ್ತಿದೆ

ಪ್ರಶ್ನೆ: ನಮ್ಮ ಮನೆಯ ಬೋರ್‌ವೆಲ್ 300 ಅಡಿ ಆಳ ಇದೆ. ಹನ್ನೆರಡು ವರ್ಷದಿಂದ ಅದೇ ನೀರು ಕುಡಿಯುತ್ತಿದ್ದೇವೆ. ನೀರು ತಿಳಿಯಾಗಿದೆ, ವಾಸನೆ ಇಲ್ಲ, ರುಚಿಯೂ ಚೆನ್ನಾಗಿದೆ. ಮನೆಗೆ ಪುಟ್ಟ ಮಗು ಬರುವುದಿದೆ, ಅದಕ್ಕೇ ಒಮ್ಮೆ ಪರೀಕ್ಷೆ ಮಾಡಿಸಿದೆವು. ನೈಟ್ರೇಟ್ ಲೀಟರಿಗೆ 82 ಮಿಲಿಗ್ರಾಂ, ಕುಡಿಯಲು ಯೋಗ್ಯವಲ್ಲ ಎಂದು ಬಂದಿದೆ. ಸುತ್ತಮುತ್ತ ಒಂದು ಕಾರ್ಖಾನೆಯೂ ಇಲ್ಲ. ಮನೆಯ ಹಿಂದೆ ಸೆಪ್ಟಿಕ್ ಟ್ಯಾಂಕ್, ಆಚೆಗೆ ಹೊಲ. ಭೂಮಿಯೇ ನೀರನ್ನು ಸೋಸುತ್ತದೆ ಅಲ್ವಾ? ಇಷ್ಟು ಆಳದ ನೀರು ಕೆಟ್ಟಿದ್ದು ಹೇಗೆ? ಕಾಯಿಸಿ ಕುಡಿದರೆ ಸಾಕೇ, ಫಿಲ್ಟರ್ ಹಾಕಿಸಬೇಕೇ, ಇನ್ನೂ ಆಳಕ್ಕೆ ಬೇರೆ ಬೋರ್ ಕೊರೆಸಬೇಕೇ?

ಉತ್ತರ: ಮೊದಲು ಮಗುವಿನ ವಿಷಯ, ಉಳಿದದ್ದು ಆಮೇಲೆ. ಆರು ತಿಂಗಳೊಳಗಿನ ಮಗುವಿಗೆ ಈ ನೀರಿನಲ್ಲಿ ಹಾಲಿನ ಪುಡಿ ಕಲಸಿ ಕೊಡಬೇಡಿ. ಕಾಯಿಸಿ ಆರಿಸಿಯೂ ಕೊಡಬೇಡಿ. ಕಾಯಿಸಿದರೆ ರೋಗಾಣು ಸಾಯುತ್ತವೆ, ನೈಟ್ರೇಟ್ ಎಲ್ಲೂ ಹೋಗುವುದಿಲ್ಲ. ಅದು ಸಾರಜನಕ, ಆಮ್ಲಜನಕ ಸೇರಿ ಆದದ್ದು, ಉಪ್ಪಿನ ಹಾಗೆ ನೀರಿನಲ್ಲಿ ಕರಗಿ ಕೂತಿರುತ್ತದೆ. ಆವಿಯಾಗಿ ಹೋಗುವುದು ನೀರು ಮಾತ್ರ. ಹತ್ತು ಲೀಟರ್ ಕುದಿಸಿ ಎಂಟು ಲೀಟರ್ ಉಳಿಯಿತು ಅಂದುಕೊಳ್ಳಿ. ನಿಮ್ಮ 82 ಮಿಲಿಗ್ರಾಂ ಅಷ್ಟರಲ್ಲಿ 102 ಆಗಿರುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ ಹಾಕಿರುವ ಮಿತಿ ಲೀಟರಿಗೆ 50 ಮಿಲಿಗ್ರಾಂ. ಆ ಮಿತಿ ಇರುವುದೇ ಮಕ್ಕಳ ಸಲುವಾಗಿ. ಎಳೆ ಮಗುವಿನ ಹೊಟ್ಟೆಯಲ್ಲಿ ಆಮ್ಲ ಕಡಿಮೆ. ಹಾಗಾಗಿ ಅಲ್ಲಿನ ಬ್ಯಾಕ್ಟೀರಿಯಾ ನೈಟ್ರೇಟನ್ನು ಸುಲಭವಾಗಿ ನೈಟ್ರೈಟ್ ಮಾಡಿಬಿಡುತ್ತವೆ. ನೈಟ್ರೈಟ್ ರಕ್ತಕ್ಕೆ ಸೇರಿ ಹಿಮೋಗ್ಲೋಬಿನ್ನನ್ನು ಕೆಡಿಸುತ್ತದೆ. ಕೆಟ್ಟ ಹಿಮೋಗ್ಲೋಬಿನ್ ಆಮ್ಲಜನಕ ಹೊರುವುದಿಲ್ಲ. ಮಗುವಿನ ತುಟಿ, ಉಗುರು ನೀಲಿಗಟ್ಟುತ್ತವೆ. 1945ರಲ್ಲಿ ಅಮೆರಿಕದ ಅಯೋವಾದಲ್ಲಿ ಹಂಟರ್ ಕಾಮ್ಲಿ ಎಂಬ ವೈದ್ಯರು ಹೀಗೆ ನೀಲಿಗಟ್ಟಿದ ಶಿಶುಗಳ ಜಾಡು ಹಿಡಿದು ಹೋದಾಗ ಸಿಕ್ಕಿದ್ದು ಅವರ ಮನೆಯ ಬಾವಿ. ತಾಯಿಯ ಹಾಲನ್ನಷ್ಟೇ ಕುಡಿಯುವ ಮಗುವಿಗೆ ಈ ಅಪಾಯ ಬಹಳ ಕಡಿಮೆ. ದೊಡ್ಡವರು ಇಷ್ಟು ದಿನ ಕುಡಿದಿದ್ದೀರಲ್ಲ, ಅದಕ್ಕೆ ಈಗ ಗಾಬರಿ ಬೀಳುವುದು ಬೇಡ. ಆದರೆ ಗೊತ್ತಾದ ಮೇಲೆ ಮುಂದುವರಿಸುವುದೂ ಬೇಡ. ಗರ್ಭಿಣಿ ಇದ್ದರೆ ಇವತ್ತಿನಿಂದಲೇ ಬೇರೆ ನೀರು.

ರಿಪೋರ್ಟನ್ನು ಇನ್ನೊಮ್ಮೆ ನೋಡಿ. ಅಲ್ಲಿ ಬರೀ 'ನೈಟ್ರೇಟ್' ಎಂದಿದೆಯೋ, 'ನೈಟ್ರೇಟ್ ರೂಪದ ನೈಟ್ರೋಜನ್' ಎಂದಿದೆಯೋ? ಎರಡನೆಯದಾದರೆ ಅದರೊಳಗಿನ ನೈಟ್ರೋಜನ್, ಅಂದರೆ ಸಾರಜನಕದ ತೂಕವನ್ನಷ್ಟೇ ಬರೆದಿದ್ದಾರೆ, ಅಂಕಿಯನ್ನು 4.4ರಿಂದ ಗುಣಿಸಬೇಕು. ಆಗ 82 ಅಂದರೆ 360 ದಾಟುತ್ತದೆ. ಗುಣಿಸದೆ ಹಾಗೇ ಹೋಲಿಸುವುದಾದರೆ ಮಿತಿ 50 ಅಲ್ಲ, 11. ಈ ಒಂದು ಗೊಂದಲದಲ್ಲಿ ಕೆಟ್ಟ ನೀರನ್ನು ಒಳ್ಳೆಯದೆಂದು ಕುಡಿದವರನ್ನೂ ಕಂಡಿದ್ದೇನೆ, ಒಳ್ಳೆಯ ಬಾವಿ ಮುಚ್ಚಿಸಿದವರನ್ನೂ ಕಂಡಿದ್ದೇನೆ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರೋಣ. ಭೂಮಿ ನೀರನ್ನು ಸೋಸುತ್ತದೆ ಎನ್ನುವುದು ನಿಜ. ಆದರೆ ಏನನ್ನು ಸೋಸುತ್ತದೆ, ಏನನ್ನು ಬಿಡುತ್ತದೆ ಎಂದು ಯಾರೂ ಕೇಳುವುದಿಲ್ಲ. ಕೆಸರು, ಕಸ, ಬಣ್ಣ ಎಲ್ಲ ಮೇಲಿನ ಮಣ್ಣಿನಲ್ಲೇ ನಿಲ್ಲುತ್ತವೆ. ಬ್ಯಾಕ್ಟೀರಿಯಾ ಒಂದೆರಡು ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದ ಒಂದೆರಡು ಪಾಲು ಗಾತ್ರದವು. ಮಣ್ಣು ಚೆನ್ನಾಗಿದ್ದರೆ ಅವೂ ಕೆಲವೇ ಮೀಟರ್‌ಗಳಲ್ಲಿ ಸಿಕ್ಕಿಬೀಳುತ್ತವೆ. ವೈರಸ್ ಅದಕ್ಕಿಂತ ಎಷ್ಟೋ ಸಣ್ಣದು, ಇನ್ನೂ ದೂರ ಹೋಗುತ್ತದೆ. ಸೀಸದಂಥ ಕೆಲವು ಲೋಹಗಳನ್ನು ಜೇಡಿಮಣ್ಣು ತನ್ನ ಮೈಗೆ ಅಂಟಿಸಿಕೊಳ್ಳುತ್ತದೆ. ಜೇಡಿಮಣ್ಣಿನ ಕಣಗಳ ಮೇಲೆ ಋಣ ವಿದ್ಯುತ್ ಇರುತ್ತದೆ, ಧನ ವಿದ್ಯುತ್ತಿನ ಲೋಹಗಳು ಅದಕ್ಕೆ ಕಚ್ಚಿಕೊಳ್ಳುತ್ತವೆ. ನೈಟ್ರೇಟ್‌ನ ತಾಪತ್ರಯ ಇರುವುದು ಇಲ್ಲೇ. ಅದೂ ಋಣ ವಿದ್ಯುತ್ತಿನದೇ. ಎರಡು ಅಯಸ್ಕಾಂತಗಳ ಒಂದೇ ಬಗೆಯ ತುದಿಗಳನ್ನು ಹತ್ತಿರ ತಂದರೆ ದೂಡುತ್ತವಲ್ಲ, ಹಾಗೆ ಮಣ್ಣು ಅದನ್ನು ಹಿಡಿಯುವುದೇ ಇಲ್ಲ. ನೀರು ಎಷ್ಟು ವೇಗವಾಗಿ ಇಳಿಯುತ್ತದೋ ನೈಟ್ರೇಟೂ ಅಷ್ಟೇ ವೇಗವಾಗಿ ಇಳಿಯುತ್ತದೆ.

ಆದ್ದರಿಂದ ನೆಲದೊಳಗಿಂದ ಬಂದ ನೀರು ತಿಳಿಯಾಗಿರುವುದು ಸಹಜ. ತಿಳಿ ಮಾಡುವುದೇ ಮಣ್ಣಿಗೆ ಸುಲಭದ ಕೆಲಸ. ಕಣ್ಣಿಗೆ ಕಾಣುವುದನ್ನೆಲ್ಲ ಅದು ತೆಗೆದುಬಿಡುತ್ತದೆ, ಕಾಣದ್ದು ನಮ್ಮ ಲೋಟಕ್ಕೆ ಬರುತ್ತದೆ. ನೈಟ್ರೇಟ್, ಫ್ಲೋರೈಡ್, ಆರ್ಸೆನಿಕ್, ಯುರೇನಿಯಂ ಯಾವುದಕ್ಕೂ ಬಣ್ಣ, ವಾಸನೆ, ರುಚಿ ಇಲ್ಲ.

ರುಚಿಯ ಮಾತು ಬಂತು, ಒಂದು ಹಳೆಯ ಕತೆ ಹೇಳಿಬಿಡುತ್ತೇನೆ. 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟ್ ಎಂಬ ಬೀದಿಯಲ್ಲಿ ಕಾಲರಾ ಬಂತು. 600ಕ್ಕೂ ಹೆಚ್ಚು ಜನ ಸತ್ತರು. ಸತ್ತವರ ಮನೆಗಳನ್ನು ಗುರುತು ಮಾಡುತ್ತಾ ಹೋದ ಡಾಕ್ಟರ್ ಜಾನ್ ಸ್ನೋ ಅವರಿಗೆ ಎಲ್ಲ ದಾರಿಯೂ ಒಂದೇ ಕೈಪಂಪಿಗೆ ಹೋಗುವುದು ಕಂಡಿತು. ಆ ಬೀದಿಯಿಂದ ಬಹಳ ದೂರದ ಹ್ಯಾಂಪ್‌ಸ್ಟೆಡ್‌ನಲ್ಲಿದ್ದ ಒಬ್ಬ ಮಹಿಳೆಯೂ ಕಾಲರಾದಿಂದ ತೀರಿಕೊಂಡಿದ್ದರು. ಅವರು ಮೊದಲು ಆ ಬೀದಿಯಲ್ಲೇ ಇದ್ದವರು. ಆ ನೀರಿನ ರುಚಿ ಇಷ್ಟವೆಂದು ಊರಾಚೆಗೂ ತರಿಸಿಕೊಂಡು ಕುಡಿಯುತ್ತಿದ್ದರಂತೆ. ಆಮೇಲೆ ಅಗೆದು ನೋಡಿದರೆ ಬಾವಿಯಿಂದ ಮೂರಡಿಯೂ ಇಲ್ಲದಷ್ಟು ಹತ್ತಿರ ಒಂದು ಮನೆಯ ಶೌಚದ ಗುಂಡಿ. ಅದರ ಇಟ್ಟಿಗೆ ಕಟ್ಟಡ ಶಿಥಿಲವಾಗಿತ್ತು. ಕಾಯಿಲೆ ಬಿದ್ದ ಮಗುವಿನ ಬಟ್ಟೆ ಒಗೆದ ನೀರು ಆ ಗುಂಡಿಗೇ ಹೋಗಿತ್ತು.

ನಿಮ್ಮ ಎರಡನೇ ನಂಬಿಕೆ ಆಳದ್ದು. ಬೋರ್ 300 ಅಡಿ ಇರಬಹುದು. ನೀರು 300 ಅಡಿಯದ್ದೇ ಎಂದು ಯಾರು ಹೇಳಿದರು? ಗಟ್ಟಿ ಬಂಡೆಯ ನೆಲದಲ್ಲಿ ಬೋರ್ ಕೊರೆಯುವಾಗ ಮೇಲಿನ ಸಡಿಲ ಮಣ್ಣು ಕುಸಿಯಬಾರದೆಂದು ಅಷ್ಟು ಭಾಗಕ್ಕೆ ಮಾತ್ರ ಕೇಸಿಂಗ್ ಪೈಪ್ ಇಳಿಸುತ್ತಾರೆ. ಬಂಡೆ ಸಿಕ್ಕಿದ ಮೇಲೆ ಕೆಳಗೆಲ್ಲ ಬರೀ ತೂತು. ಆ ತೂತಿಗೆ ಎಲ್ಲೆಲ್ಲಿ ಬಂಡೆಯ ಬಿರುಕು ಸಿಗುತ್ತದೋ ಅಲ್ಲೆಲ್ಲ ನೀರು ಬರುತ್ತದೆ. ಒಂದು ಬಿರುಕು 70 ಅಡಿಯಲ್ಲಿರಬಹುದು, ಇನ್ನೊಂದು 240 ಅಡಿಯಲ್ಲಿ. ಪಂಪ್ ಎರಡನ್ನೂ ಬೆರೆಸಿ ಮೇಲೆ ಕಳಿಸುತ್ತದೆ. ಬಿರುಕಿನೊಳಗೆ ನೀರು ಸೋಸುವುದಕ್ಕೆ ಮಣ್ಣೂ ಇಲ್ಲ, ಮರಳೂ ಇಲ್ಲ. ಅದು ಬಂಡೆಯೊಳಗಿನ ಪೈಪ್ ಇದ್ದ ಹಾಗೆ.

ಇನ್ನು ಕೇಸಿಂಗ್ ಪೈಪಿನ ಸುತ್ತ ಉಳಿಯುವ ಸಂದು. ಕೊರೆದ ತೂತು ಪೈಪಿಗಿಂತ ದೊಡ್ಡದು. ಆ ಸಂದಿಗೆ ಸಿಮೆಂಟ್ ಗಾರೆಯೋ ಜೇಡಿಯೋ ತುಂಬಿ ಮುಚ್ಚಬೇಕು. ಬಹಳ ಜನ ಕೊರೆದ ಮಣ್ಣನ್ನೇ ಕಾಲಲ್ಲಿ ತಳ್ಳಿ ಸುಮ್ಮನಾಗುತ್ತಾರೆ. ನಾನೊಮ್ಮೆ ಒಂದು ಮನೆಯ ಬೋರ್‌ಗೆ ಕ್ಯಾಮೆರಾ ಇಳಿಸಿದ್ದೆ. ಕೇಸಿಂಗ್ ಮುಗಿಯುವ ಕಡೆ ಬಂಡೆಗೂ ಪೈಪಿಗೂ ನಡುವೆ ಬೆರಳು ತೂರುವಷ್ಟು ಜಾಗ ಕಾಣುತ್ತಿತ್ತು. ಮನೆಯವರು ಪಕ್ಕದಲ್ಲೇ ಬಟ್ಟೆ ಒಗೆಯುತ್ತಿದ್ದರು. ಸ್ವಲ್ಪ ಹೊತ್ತಿಗೆ ಆ ಸಂದಿನಿಂದ ನೊರೆ ಇಳಿಯತೊಡಗಿತು. 'ನಮ್ಮದು ಬಹಳ ಆಳದ ಬೋರ್ ಸರ್' ಎಂದು ಆಗಷ್ಟೇ ಹೇಳಿದ್ದ ಯಜಮಾನರು ಪರದೆ ನೋಡಿ ಮಾತೇ ಆಡಲಿಲ್ಲ. ಆಳದ ನೀರಿಗೆ ಮೇಲಿನ ಕೊಳೆ ಹೋಗಲು ಬೋರ್‌ವೆಲ್ಲೇ ಎಲ್ಲಕ್ಕಿಂತ ಹತ್ತಿರದ ದಾರಿ. ಇದನ್ನು ಒಮ್ಮೆ ಕಣ್ಣಾರೆ ಕಂಡವರು ಮರೆಯುವುದಿಲ್ಲ.

ಹಾಗಾದರೆ ನಿಮ್ಮ ಬೋರ್‌ಗೆ ನೈಟ್ರೇಟ್ ಬಂದದ್ದು ಎಲ್ಲಿಂದ? ನೀವೇ ಎರಡು ಹೆಸರು ಹೇಳಿದ್ದೀರಿ, ಸೆಪ್ಟಿಕ್ ಟ್ಯಾಂಕ್ ಮತ್ತು ಹೊಲ. ಎರಡರಲ್ಲೂ ನಡೆಯುವುದು ಒಂದೇ ಕೆಲಸ. ಮಲಮೂತ್ರದಲ್ಲಿರುವ ಸಾರಜನಕ, ಯೂರಿಯಾದಲ್ಲಿರುವ ಸಾರಜನಕ, ತಿಪ್ಪೆಯಲ್ಲಿರುವ ಸಾರಜನಕ ಎಲ್ಲವನ್ನೂ ಮಣ್ಣಿನ ಬ್ಯಾಕ್ಟೀರಿಯಾ ಮೊದಲು ಅಮೋನಿಯಂ, ಆಮೇಲೆ ನೈಟ್ರೇಟ್ ಮಾಡುತ್ತವೆ. ಬೆಳೆಗೆ ಬೇಕಾದದ್ದೂ ಅದೇ ನೈಟ್ರೇಟ್. ಆದರೆ ಹಾಕಿದ ಸಾರಜನಕದಲ್ಲಿ ಬೆಳೆ ಎಳೆದುಕೊಳ್ಳುವುದು ಹೆಚ್ಚುಕಡಿಮೆ ಅರ್ಧ. ಉಳಿದದ್ದು ಗಾಳಿಗೆ, ಹರಿಯುವ ನೀರಿಗೆ, ಮತ್ತು ಕೆಳಕ್ಕೆ. ಗೊಬ್ಬರ ಹಾಕಿದ ಮರುದಿನ ಜೋರು ಮಳೆ ಬಂದರೆ ಬೇರಿಗೆ ಸಿಗುವ ಮುಂಚೆಯೇ ಅದು ಬೇರಿನ ಆಳ ದಾಟಿರುತ್ತದೆ.

ಎರಡರಲ್ಲಿ ಯಾವುದು ಎಂದು ಊಹಿಸಲು ಒಂದು ಸುಲಭ ಉಪಾಯ ಇದೆ. ರಿಪೋರ್ಟಿನಲ್ಲಿ ಕ್ಲೋರೈಡ್ ಎಷ್ಟಿದೆ ನೋಡಿ. ಅಡುಗೆ ಉಪ್ಪಿನಲ್ಲಿರುವುದು ಅದೇ ಕ್ಲೋರೈಡ್, ನಾವು ತಿನ್ನುವ ಉಪ್ಪು ಮೂತ್ರದಲ್ಲಿ ಹೋಗುತ್ತದೆ. ಸುತ್ತಲಿನ ಬೇರೆ ಬೋರ್‌ಗಳಿಗಿಂತ ನಿಮ್ಮದರಲ್ಲಿ ನೈಟ್ರೇಟಿನ ಜೊತೆ ಕ್ಲೋರೈಡೂ ಏರಿದ್ದರೆ ಅನುಮಾನ ಮೊದಲು ಸೆಪ್ಟಿಕ್ ಟ್ಯಾಂಕಿನ ಮೇಲೆ. ಇ. ಕೋಲಿ ಬ್ಯಾಕ್ಟೀರಿಯಾ ಸಿಕ್ಕಿದರೆ ಮಲ ನೀರಿಗೆ ಸೇರುತ್ತಿದೆ ಎಂದೇ ಅರ್ಥ. ಕುಡಿಯುವ ನೀರಿನ 100 ಮಿಲಿಲೀಟರಿನಲ್ಲಿ ಅದು ಒಂದೂ ಇರಕೂಡದು. ನಿಮ್ಮ ಸುತ್ತಲಿನ ಹತ್ತಾರು ಬೋರ್‌ಗಳಲ್ಲಿ ನೈಟ್ರೇಟ್ ಒಂದೇ ಸಮ ಏರಿದ್ದು, ಬ್ಯಾಕ್ಟೀರಿಯಾ ಇಲ್ಲವೆಂದಾದರೆ ಹೊಲದ ಕಡೆ ನೋಡಬೇಕು. ಇದು ಪಕ್ಕಾ ಸಾಕ್ಷಿಯಲ್ಲ, ಆದರೆ ಎಲ್ಲಿಂದ ಶುರು ಮಾಡಬೇಕು ಎನ್ನುವುದಕ್ಕೆ ಸಾಕು.

ಸೆಪ್ಟಿಕ್ ಟ್ಯಾಂಕ್ ಬಗ್ಗೆ ಒಂದು ತಪ್ಪು ತಿಳಿವಳಿಕೆ ಎಲ್ಲ ಕಡೆ ಇದೆ. ಟ್ಯಾಂಕ್ ಇದ್ದರೆ ಕೊಳೆ ಅಲ್ಲಿಗೇ ಮುಗಿಯಿತು ಎಂದುಕೊಳ್ಳುತ್ತಾರೆ. ಟ್ಯಾಂಕ್ ಮಾಡುವುದು ಗಟ್ಟಿಯನ್ನು ತಳಕ್ಕೆ ಕೂರಿಸುವ ಕೆಲಸ. ಮೇಲಿನ ನೀರು ಹೊರಗೆ ಹೋಗಲೇಬೇಕು, ಹೋಗುವುದು ಇಂಗುಗುಂಡಿಗೆ. ನೈಟ್ರೇಟ್ ಆಗಬೇಕಾದ ಸಾರಜನಕ ಹೆಚ್ಚಿನದೆಲ್ಲ ಆ ನೀರಲ್ಲೇ ಇರುತ್ತದೆ. ತಳಕ್ಕೆ ಕಾಂಕ್ರೀಟ್ ಹಾಕದ, ಬರೀ ರಿಂಗ್ ಇಳಿಸಿದ ಗುಂಡಿಯನ್ನೇ ಸೆಪ್ಟಿಕ್ ಟ್ಯಾಂಕ್ ಎಂದು ಕರೆಯುವುದೂ ಉಂಟು. 'ನಮ್ಮ ಟ್ಯಾಂಕ್ ಹತ್ತು ವರ್ಷ ಆದರೂ ತುಂಬಿಲ್ಲ' ಎಂದು ಯಾರಾದರೂ ಹೆಮ್ಮೆಯಿಂದ ಹೇಳಿದರೆ ನನಗೆ ಹೊಟ್ಟೆಯಲ್ಲಿ ತಳಮಳ. ಅಷ್ಟೂ ವರ್ಷ ಅದು ಎಲ್ಲಿಗೆ ಹೋಯಿತು ಹಾಗಾದರೆ? ಇಂಗುಗುಂಡಿಗೂ ನೀರಿನ ಬಾವಿಗೂ ಕಡೇಪಕ್ಷ 30 ಮೀಟರ್ ಅಂತರ ಇರಬೇಕು. ಗುಂಡಿಯ ತಳಕ್ಕೂ ಅಂತರ್ಜಲದ ಮಟ್ಟಕ್ಕೂ ನಡುವೆ ಒಂದೂವರೆ ಮೀಟರ್ ಒಣ ಮಣ್ಣು ಬೇಕು. ಇದು ಮಣ್ಣು ಚೆನ್ನಾಗಿದ್ದರೆ ಮಾತ್ರ. ಬಿರುಕು ಬಂಡೆಯ ನೆಲದಲ್ಲಿ 30 ಮೀಟರ್ ಏನೇನೂ ಅಲ್ಲ.

ಬಿರುಕು ಬಂಡೆಗೆ ಕೆನಡಾದ ವಾಕರ್‌ಟನ್ ಊರಿನ ಉದಾಹರಣೆ ಸಾಕು. 2000ದ ಮೇ ತಿಂಗಳಲ್ಲಿ ಅಲ್ಲಿ ಕೆಲವು ದಿನ ಭಾರಿ ಮಳೆ ಸುರಿಯಿತು. ಊರಿಗೆ ನೀರು ಕೊಡುತ್ತಿದ್ದ ಬಾವಿಗಳಲ್ಲಿ ಒಂದು ಆಳ ಇಲ್ಲದ್ದು, ಬಿರುಕು ಬಂಡೆಯಲ್ಲಿ ಕೊರೆದದ್ದು. ಪಕ್ಕದ ಹೊಲಕ್ಕೆ ಹಾಕಿದ್ದ ದನದ ಗೊಬ್ಬರದಿಂದ ಇ. ಕೋಲಿಯ ಒಂದು ಕೆಟ್ಟ ತಳಿ ಮಳೆನೀರಿನ ಜೊತೆ ಬಾವಿಗೆ ಇಳಿಯಿತು. ಕ್ಲೋರಿನ್ ಸರಿಯಾಗಿ ಹಾಕಿರಲಿಲ್ಲ. ಏಳು ಜನ ಸತ್ತರು, 2,300ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು. ವಿಚಾರಣೆ ನಡೆದಾಗ ಗೊಬ್ಬರ ಹಾಕಿದ ರೈತನ ತಪ್ಪೇನೂ ಇಲ್ಲವೆಂದು ತೀರ್ಮಾನವಾಯಿತು. ಅವರು ಎಲ್ಲರೂ ಒಪ್ಪುವ ಕ್ರಮದಲ್ಲೇ ಹಾಕಿದ್ದರು. ಬಾವಿ ಇದ್ದ ಜಾಗ ಮತ್ತು ಅದರ ಉಸ್ತುವಾರಿ, ಎರಡೂ ಸರಿಯಿರಲಿಲ್ಲ. ಬಾವಿ ಕೆಟ್ಟಾಗಲೆಲ್ಲ ನಾವು ಒಬ್ಬ ಖಳನನ್ನು ಹುಡುಕುತ್ತೇವೆ. ಎಷ್ಟೋ ಸಲ ಖಳನೇ ಇರುವುದಿಲ್ಲ.

ಕಾರ್ಖಾನೆ ಇಲ್ಲ ಎಂದಿರಿ, ಒಳ್ಳೆಯದೇ. ಇದ್ದಿದ್ದರೆ ಪಟ್ಟಿ ಉದ್ದ ಆಗುತ್ತಿತ್ತು. ಚರ್ಮ ಹದ ಮಾಡುವಲ್ಲಿ, ಲೋಹಕ್ಕೆ ಲೇಪ ಕೊಡುವಲ್ಲಿ ಕ್ರೋಮಿಯಂ, ಕಸದ ಗುಡ್ಡೆಗಳಿಂದ ಸೋರುವ ಕಪ್ಪು ರಸ, ಪೆಟ್ರೋಲ್ ಬಂಕಿನ ನೆಲದೊಳಗಿನ ಟ್ಯಾಂಕ್ ಸೋರಿಕೆ ಹೀಗೆ. ಇವುಗಳಲ್ಲಿ ನನಗೆ ಕುತೂಹಲ ಹುಟ್ಟಿಸುವುದು ನೀರಿನಲ್ಲಿ ಅಷ್ಟಾಗಿ ಕರಗದ ದ್ರವಗಳು. ಪೆಟ್ರೋಲ್ ನೀರಿಗಿಂತ ಹಗುರ, ಅಂತರ್ಜಲದ ಮೇಲೆ ತೇಲುತ್ತದೆ. ಹುಡುಕಿದರೆ ಸಿಗುತ್ತದೆ. ಯಂತ್ರದ ಭಾಗಗಳ ಜಿಡ್ಡು ತೆಗೆಯಲು ಬಳಸುವ ಟ್ರೈಕ್ಲೋರೋಎಥಿಲೀನ್ ನೀರಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ಅದು ಅಂತರ್ಜಲಕ್ಕೆ ಮುಟ್ಟಿದರೂ ನಿಲ್ಲದೆ ಮುಳುಗುತ್ತಾ ಹೋಗಿ ತಳದ ಬಂಡೆಯ ಮೇಲೆ, ಬಿರುಕುಗಳಲ್ಲಿ ಕೂರುತ್ತದೆ. ನೀರು ಒಂದು ಕಡೆ ಹರಿದರೆ ಅದು ಬಂಡೆಯ ಇಳಿಜಾರು ನೋಡಿ ಇನ್ನೊಂದು ಕಡೆ ಜಾರಬಹುದು. ಅಲ್ಲೇ ಕೂತು ವರ್ಷಗಟ್ಟಲೆ ಒಂದಿಷ್ಟೇ ಕರಗುತ್ತಿರುತ್ತದೆ. ಅಮೆರಿಕದಲ್ಲಿ ಇದಕ್ಕಿರುವ ಮಿತಿ ಲೀಟರಿಗೆ 5 ಮೈಕ್ರೋಗ್ರಾಂ. ಮಿಲಿಗ್ರಾಂ ಅಲ್ಲ, ಅದರ ಸಾವಿರದ ಒಂದು ಪಾಲು. ಗ್ಯಾರೇಜಿನ ಹಿಂದೆ ಎಸೆದ ಒಂದು ಕ್ಯಾನ್ ಎಷ್ಟು ನೀರು ಕೆಡಿಸಬಲ್ಲದು ಎಂದು ನೀವೇ ಲೆಕ್ಕ ಹಾಕಿ.

ಮನುಷ್ಯರ ಕೈವಾಡವೇ ಇಲ್ಲದೆ ಕೆಡುವ ನೀರೂ ಇದೆ. ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ ಇರುವುದು ಇಲ್ಲೇ, ಹಾಗಾಗಿ ಸ್ವಲ್ಪ ನಿಂತು ಹೇಳುತ್ತೇನೆ. ಬಾಂಗ್ಲಾದೇಶದಲ್ಲಿ ಕೆರೆಕುಂಟೆಯ ನೀರು ಕುಡಿದು ಮಕ್ಕಳು ಭೇದಿಯಿಂದ ಸಾಯುತ್ತಿದ್ದರು. ಅದಕ್ಕೆಂದು 1970ರ ದಶಕದಿಂದ ಲಕ್ಷಗಟ್ಟಲೆ ಕೊಳವೆಬಾವಿ ಹಾಕಿಸಿದರು. ಉದ್ದೇಶ ಒಳ್ಳೆಯದೇ, ರೋಗಾಣು ಇಲ್ಲದ ನೀರೂ ಸಿಕ್ಕಿತು. ಆರ್ಸೆನಿಕ್ ಇದೆಯೇ ಎಂದು ಮಾತ್ರ ಯಾರೂ ನೋಡಿರಲಿಲ್ಲ. ಹಿಮಾಲಯದಿಂದ ನದಿಗಳು ಹೊತ್ತುತಂದ ಮೆಕ್ಕಲಿನಲ್ಲಿ ಕಬ್ಬಿಣದ ತುಕ್ಕಿನ ಕಣಗಳಿಗೆ ಆರ್ಸೆನಿಕ್ ಅಂಟಿಕೊಂಡಿರುತ್ತದೆ. ಕೆಳಗೆ ಕೊಳೆಯುವ ಜೈವಿಕ ವಸ್ತು ಇದ್ದು ಆಮ್ಲಜನಕ ಮುಗಿದ ಕಡೆ ಆ ತುಕ್ಕು ಕರಗುತ್ತದೆ, ಆರ್ಸೆನಿಕ್ ನೀರಿಗೆ ಬಿಡುಗಡೆಯಾಗುತ್ತದೆ. ಬಾವಿಗಳಲ್ಲಿ ಅದು ಪತ್ತೆಯಾದದ್ದು 1993ರಲ್ಲಿ. ಅಷ್ಟರಲ್ಲಿ ಜನ ಇಪ್ಪತ್ತು ವರ್ಷ ಕುಡಿದಿದ್ದರು. ಅಂಗೈ ಅಂಗಾಲಿನಲ್ಲಿ ಗಂಟು, ಚರ್ಮದ ಮೇಲೆ ಮಚ್ಚೆ, ಆಮೇಲೆ ಕ್ಯಾನ್ಸರ್. ಕೋಟಿಗಟ್ಟಲೆ ಜನ ಅಪಾಯದಲ್ಲಿದ್ದರು. ಆಮೇಲೆ ಬಾವಿಗಳನ್ನು ಪರೀಕ್ಷಿಸಿ ಕೆಟ್ಟದ್ದಕ್ಕೆ ಕೆಂಪು, ಒಳ್ಳೆಯದಕ್ಕೆ ಹಸಿರು ಬಣ್ಣ ಬಳಿದರು. ಎಷ್ಟೋ ಕಡೆ ಕೆಂಪು ಬಾವಿಯ ಪಕ್ಕದ ಮನೆಯಲ್ಲೇ ಹಸಿರು ಬಾವಿ ಇತ್ತು.

ಅಲ್ಲಿ ಆರ್ಸೆನಿಕ್ ಜಾಸ್ತಿ ಇದ್ದದ್ದು ಮೇಲಿನ ಪದರದಲ್ಲಿ. 150 ಮೀಟರಿಗಿಂತ ಕೆಳಗೆ ಹೋದರೆ ಸಾಮಾನ್ಯವಾಗಿ ಒಳ್ಳೆಯ ನೀರು ಸಿಗುತ್ತದೆ. ಗ್ರಾನೈಟ್ ಬಂಡೆಯ ನೆಲದಲ್ಲಿ ಇದು ತಿರುಗುಮುರುಗು. ಅಲ್ಲಿನ ಖನಿಜಗಳಲ್ಲಿ ಫ್ಲೋರೈಡ್ ಇರುತ್ತದೆ. ನೀರು ಬಂಡೆಯೊಳಗೆ ಹೆಚ್ಚು ಕಾಲ ಇದ್ದಷ್ಟೂ ಅದು ಹೆಚ್ಚು ಕರಗುತ್ತದೆ. ಆದ್ದರಿಂದ ಎಷ್ಟೋ ಕಡೆ ಆಳಕ್ಕೆ ಹೋದಷ್ಟೂ ಫ್ಲೋರೈಡ್ ಏರುತ್ತದೆ. ಮಿತಿ ಲೀಟರಿಗೆ 1.5 ಮಿಲಿಗ್ರಾಂ. ಅದು ದಾಟಿದರೆ ಮೊದಲು ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ, ಬಹಳ ಜಾಸ್ತಿಯಾಗಿ ಬಹಳ ವರ್ಷ ಕುಡಿದರೆ ಮೂಳೆ ಬಿಗಿದು ನಡು ಬಗ್ಗಿಸಲಾರದ ಸ್ಥಿತಿ. ಸಮುದ್ರದ ಹತ್ತಿರ ಇನ್ನೊಂದು ಕಾಟ. ಅಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಸಮುದ್ರಮಟ್ಟಕ್ಕಿಂತ ಒಂದು ಮೀಟರ್ ಮೇಲೆ ಸಿಹಿನೀರು ಇದ್ದರೆ ಕೆಳಗೆ ಸುಮಾರು 40 ಮೀಟರ್ ಇರುತ್ತದೆ. ಲೆಕ್ಕ ಉಲ್ಟಾ ಹಾಕಿ. ಪಂಪ್ ಹಾಕಿ ಮೇಲಿನ ಒಂದು ಮೀಟರ್ ಇಳಿಸಿದರೆ ಕೆಳಗಿಂದ ಉಪ್ಪು 40 ಮೀಟರ್ ಏರಲು ಹೊರಡುತ್ತದೆ.

ಹಾಗಾಗಿ 'ಇನ್ನೂ ಆಳಕ್ಕೆ ಕೊರೆಸಿ' ಎನ್ನುವ ಸಲಹೆಯನ್ನು ನಾನು ಕಣ್ಣುಮುಚ್ಚಿ ಕೊಡಲಾರೆ. ನೈಟ್ರೇಟ್ ತಪ್ಪಿಸಲು ಹೋಗಿ ಫ್ಲೋರೈಡ್ ಕುಡಿಯುವ ಹಾಗಾಗಬಾರದು. ಮೇಲಿನ ಬಿರುಕನ್ನು ಮುಚ್ಚದೆ ಕೊರೆದರೆ ಹೊಸ ಬೋರ್‌ಗೂ ಅದೇ ನೀರು ಇಳಿಯುತ್ತದೆ, ಜೊತೆಗೆ ಈವರೆಗೆ ಚೆನ್ನಾಗಿದ್ದ ಕೆಳಗಿನ ನೀರೂ ಕೆಡುತ್ತದೆ. ಮೊದಲು ಈಗಿರುವ ಬೋರ್‌ನ ಬಾಯಿ ನೋಡಿ. ಕೇಸಿಂಗ್ ನೆಲಮಟ್ಟಕ್ಕಿಂತ ಒಂದೆರಡು ಅಡಿ ಮೇಲೆ ಇದೆಯೇ? ಮುಚ್ಚಳ ಗಟ್ಟಿಯಾಗಿದೆಯೇ, ಕೇಬಲ್ ಹೋಗುವ ತೂತು ಹಾಗೇ ಬಿಟ್ಟಿದ್ದಾರೆಯೇ? ಸುತ್ತ ನೀರು ಹೊರಕ್ಕೆ ಹರಿಯುವ ಹಾಗೆ ಸಿಮೆಂಟ್ ಕಟ್ಟೆ ಇದೆಯೇ? ಕಟ್ಟೆಗೂ ಪೈಪಿಗೂ ನಡುವೆ ಸೀಳು ಬಿಟ್ಟಿದೆಯೇ? ಕೇಸಿಂಗ್ ಕೆಟ್ಟಿದ್ದರೆ ಒಳಗೆ ಸಣ್ಣ ಪೈಪ್ ಇಳಿಸಿ, ನಡುವಿನ ಸಂದನ್ನು ಗಾರೆಯಿಂದ ಮುಚ್ಚಿಸಬಹುದು. ಮೇಲಿನ ಬಿರುಕಿನ ನೀರು ಇದರಿಂದ ನಿಲ್ಲುತ್ತದೆ. ಬೋರ್ ಕೊಡುವ ನೀರು ಸ್ವಲ್ಪ ಕಡಿಮೆಯಾಗಬಹುದು, ಅದಕ್ಕೆ ಸಿದ್ಧರಿರಬೇಕು.

ಆಮೇಲೆ ಸೆಪ್ಟಿಕ್ ಟ್ಯಾಂಕ್ ತೆಗೆಸಿ ನೋಡಿ. ತಳ ಸೋರುತ್ತಿದ್ದರೆ ಸರಿಪಡಿಸಿ, ಎರಡು ಮೂರು ವರ್ಷಕ್ಕೊಮ್ಮೆ ಹೂಳು ತೆಗೆಸಿ. ಇಂಗುಗುಂಡಿ ಬೋರ್‌ಗೆ ಹತ್ತಿರ ಇದ್ದರೆ ಜಾಗ ಬದಲಿಸಿ. ನೆಲದ ಇಳಿಜಾರಿನಲ್ಲಿ ಅದು ಬೋರ್‌ಗಿಂತ ಕೆಳಗಿರಲಿ. ಆಳವಾದ ಗುಂಡಿಗಿಂತ ಅಗಲವಾದ, ಆಳ ಕಡಿಮೆಯ ಕಾಲುವೆ ಒಳ್ಳೆಯದು. ಗಿಡದ ಬೇರು ನೈಟ್ರೇಟನ್ನು ಎಳೆದುಕೊಳ್ಳುವುದು ಮೇಲಿನ ಮಣ್ಣಿನಲ್ಲಿ ಮಾತ್ರ.

ಫಿಲ್ಟರ್ ವಿಷಯ. ಕ್ಯಾಂಡಲ್ ಫಿಲ್ಟರ್, ಯುವಿ, ಬ್ಲೀಚಿಂಗ್ ಪೌಡರ್ ಇವುಗಳಿಂದ ನೈಟ್ರೇಟ್ ಹೋಗುವುದಿಲ್ಲ. ಆರ್‌ಓ ಬಹುಪಾಲು ತೆಗೆಯುತ್ತದೆ, ಅದರೊಳಗಿನ ಸೋಸುವ ಪೊರೆ (ಮೆಂಬ್ರೇನ್) ಹಳತಾಗಿರಬಾರದು ಅಷ್ಟೇ. ಮಷಿನ್ ಹಾಕಿಸಿದ ಮೇಲೆ ಅದರಿಂದ ಬಂದ ನೀರನ್ನೂ ಪರೀಕ್ಷೆಗೆ ಕೊಡಿ. ಮಾರಾಟದವರು ಟಿಡಿಎಸ್ ಮೀಟರ್ ಅದ್ದಿ ತೋರಿಸಿದರೆ ನಂಬಿ ಸುಮ್ಮನಾಗಬೇಡಿ. ಅದು ಒಟ್ಟು ಉಪ್ಪಿನಂಶ ಎಷ್ಟು ಎಂದಷ್ಟೇ ಹೇಳುತ್ತದೆ. ಅದರಲ್ಲಿ ನೈಟ್ರೇಟ್ ಎಷ್ಟು, ಆರ್ಸೆನಿಕ್ ಇದೆಯೇ, ಬ್ಯಾಕ್ಟೀರಿಯಾ ಇದೆಯೇ ಎನ್ನುವುದು ಅದಕ್ಕೆ ಗೊತ್ತೇ ಆಗುವುದಿಲ್ಲ. ಆರ್‌ಓ ಹೊರಕ್ಕೆ ಬಿಡುವ ನೀರಿನಲ್ಲಿ ನೈಟ್ರೇಟ್ ಇನ್ನೂ ಗಾಢವಾಗಿರುತ್ತದೆ. ಅದನ್ನು ಬೋರ್ ಪಕ್ಕದ ಗುಂಡಿಗೆ ಬಿಟ್ಟರೆ ಅದೇ ನೀರನ್ನು ಸುತ್ತಿಸಿದ ಹಾಗಾಯಿತು. ನೆಲ ಒರೆಸಿ, ಇಲ್ಲವೇ ಗಿಡಕ್ಕೆ ಹಾಕಿ. ಆ ನೀರು ತುಂಬ ಉಪ್ಪಾಗಿದ್ದರೆ ಮಾತ್ರ ಗಿಡಕ್ಕೆ ಬೇಡ.

ಗಿಡದ ಮಾತಿಗೆ ನಿಮ್ಮ ಹೊಲದ ಕಡೆಯವರಿಗೆ ಒಂದು ಲೆಕ್ಕ ಹೇಳಿ. ನೀರಿನಲ್ಲಿ 82 ಮಿಲಿಗ್ರಾಂ ನೈಟ್ರೇಟ್ ಇದೆ ಎಂದರೆ ಒಂದು ಲಕ್ಷ ಲೀಟರ್ ಹಾಯಿಸಿದಾಗ ಸುಮಾರು ನಾಲ್ಕು ಕಿಲೋ ಯೂರಿಯಾ ಹಾಕಿದ ಹಾಗೆ. ಅದು ಪುಕ್ಕಟೆ ಗೊಬ್ಬರ. ಅಷ್ಟನ್ನು ಚೀಲದಿಂದ ಕಳೆದು ಹಾಕಿದರೆ ಬೆಳೆಗೂ ಕಡಿಮೆಯಾಗದು, ಕೆಳಗಿನ ನೀರಿಗೂ ಹೊಸದಾಗಿ ಸೇರದು. ಒಂದೇ ಸಲ ಸುರಿಯುವ ಬದಲು ಎರಡು ಮೂರು ಕಂತಿನಲ್ಲಿ ಹಾಕುವುದು, ಮಳೆಯ ಮೋಡ ಕಂಡಾಗ ಕೈ ಬಿಗಿಹಿಡಿಯುವುದು, ಬೆಳೆ ಇಲ್ಲದಾಗ ನೆಲ ಬರಿದು ಬಿಡದೆ ಏನಾದರೂ ಹಸಿರು ಬಿತ್ತುವುದು ಇವು ನಿಜಕ್ಕೂ ಕೆಲಸ ಮಾಡುತ್ತವೆ. 'ಸಾವಯವ ಆದರೆ ತೊಂದರೆ ಇಲ್ಲ' ಎನ್ನುವವರಿಗೂ ಒಂದು ಮಾತು. ಬೋರ್ ಪಕ್ಕದ ತಿಪ್ಪೆಯಿಂದ ಇಳಿಯುವ ನೈಟ್ರೇಟಿಗೂ ಯೂರಿಯಾದ ನೈಟ್ರೇಟಿಗೂ ಮಗುವಿನ ರಕ್ತದಲ್ಲಿ ವ್ಯತ್ಯಾಸ ಇಲ್ಲ.

ಇನ್ನೆರಡು ಅಪಾಯಗಳನ್ನು ಜನ ಒಳ್ಳೆಯ ಮನಸ್ಸಿನಿಂದಲೇ ತಂದುಕೊಳ್ಳುತ್ತಾರೆ. ಒಂದು, ರಸ್ತೆಯ, ಅಂಗಳದ ಮಳೆನೀರನ್ನು ನೇರವಾಗಿ ಬೋರ್‌ಗೆ ಬಿಡುವುದು. ಚಾವಣಿಯ ನೀರನ್ನು ಮೊದಲ ಮಳೆ ಹೊರಗೆ ಹರಿಸಿ, ಆಮೇಲೆ ಚೆನ್ನಾಗಿ ಸೋಸಿ ಇಂಗಿಸಿ. ರಸ್ತೆ, ಹೊಲ, ಕೊಟ್ಟಿಗೆಯ ನೀರು ಬೋರ್‌ನೊಳಕ್ಕೆ ಬೇಡವೇ ಬೇಡ, ಅದು ಮಣ್ಣಿನ ಮೂಲಕವೇ ಇಂಗಲಿ. ಇನ್ನೊಂದು, ಬತ್ತಿದ ಹಳೆಯ ಬೋರ್, ಹಾಳುಬಾವಿ. ಅದಕ್ಕೆ ಕಸ ತುಂಬುವುದು, ಕೊಳೆನೀರು ಬಿಡುವುದು ಬೇಡ. ಮಣ್ಣೆಂಬ ಸೋಸುಕವನ್ನು ದಾಟಿಸಿ ಸೀದಾ ಅಂತರ್ಜಲಕ್ಕೆ ಸುರಿದ ಹಾಗೆ ಅದು. ಜೇಡಿ ಅಥವಾ ಸಿಮೆಂಟಿನಿಂದ ತಳದಿಂದಲೇ ಮುಚ್ಚಿಸಿ.

ಊರಿನ ಮಟ್ಟದಲ್ಲಿ ಮಾಡುವುದು ಬೇರೆ. ಜರ್ಮನಿ, ಇಂಗ್ಲೆಂಡ್‌ಗಳಲ್ಲಿ ಕುಡಿಯುವ ನೀರಿನ ಬಾವಿಯ ಸುತ್ತ ಒಂದು ಗೆರೆ ಎಳೆಯುತ್ತಾರೆ. ನೆಲದೊಳಗಿನ ನೀರು ಬಾವಿ ತಲುಪಲು 50 ದಿನ ಹಿಡಿಯುವಷ್ಟು ದೂರ ಅದು. ಬಹುಪಾಲು ರೋಗಾಣುಗಳು ನೆಲದೊಳಗೆ ಅಷ್ಟು ದಿನ ಬದುಕುವುದಿಲ್ಲ. ಆ ಗೆರೆಯೊಳಗೆ ಶೌಚದ ಗುಂಡಿ, ಗೊಬ್ಬರದ ರಾಶಿ, ಎಣ್ಣೆ ಟ್ಯಾಂಕ್‌ಗಳ ಮೇಲೆ ಕಟ್ಟುನಿಟ್ಟು. ಅಂತರವನ್ನು ಅಡಿಯಲ್ಲಿ ಅಳೆಯದೆ ದಿನದಲ್ಲಿ ಅಳೆದರಲ್ಲ, ಅದು ಜಾಣತನ. ಮರಳಿನಲ್ಲಿ ನೀರು ದಿನಕ್ಕೆ ಕೆಲವು ಸೆಂಟಿಮೀಟರಿನಿಂದ ಒಂದೆರಡು ಮೀಟರ್ ಸರಿಯುತ್ತದೆ. ಸುಣ್ಣಕಲ್ಲಿನ ಗುಹೆಗಳಲ್ಲಿ ದಿನಕ್ಕೆ ಕಿಲೋಮೀಟರ್‌ಗಟ್ಟಲೆ ಓಡಬಹುದು.

ಈ ನಿಧಾನವೇ ಅಂತರ್ಜಲದ ದೊಡ್ಡ ತೊಡಕು. ಹೊಳೆಗೆ ಕೊಳೆ ಬಿಡುವುದನ್ನು ನಿಲ್ಲಿಸಿದರೆ ಒಂದು ಮಳೆಗಾಲ ತೊಳೆದುಕೊಂಡು ಹೋಗುತ್ತದೆ. ನೆಲದೊಳಗೆ ಹಾಗಾಗುವುದಿಲ್ಲ. ಜರ್ಮನಿಯಲ್ಲಿ ಅಟ್ರಜಿನ್ ಎಂಬ ಕಳೆನಾಶಕವನ್ನು 1991ರಲ್ಲೇ ನಿಷೇಧಿಸಿದರು. ದಶಕಗಳ ನಂತರವೂ ಅದು, ಅದರ ಚೂರುಗಳು ಅಲ್ಲಿನ ಅಂತರ್ಜಲದಲ್ಲಿ ಸಿಗುತ್ತಲೇ ಬಂದಿವೆ. ಕೆಟ್ಟ ಪದರದಿಂದ ನೀರನ್ನು ಮೇಲೆತ್ತಿ ಶುದ್ಧ ಮಾಡುವುದು, ನೆಲದೊಳಗೆ ಕಬ್ಬಿಣದ ಪುಡಿಯ ಗೋಡೆ ಕಟ್ಟಿ ಹರಿಯುವ ನೀರಿನ ವಿಷ ಮುರಿಯುವುದು ಇಂಥ ಉಪಾಯಗಳಿವೆ. ಎಲ್ಲಕ್ಕೂ ಹಣ ಮತ್ತು ವರ್ಷಗಳು ಬೇಕು. ನಿಮ್ಮ ಬೋರ್‌ನಲ್ಲಿ ಇವತ್ತು ಸಿಕ್ಕಿದ ನೈಟ್ರೇಟ್ ಹೋದ ವರ್ಷದ್ದಿರಬಹುದು, ಹತ್ತು ವರ್ಷದ ಹಿಂದಿನದ್ದಿರಬಹುದು. ಸೋರಿಕೆ ಕೇಸಿಂಗ್ ಮೂಲಕವಾಗಿದ್ದರೆ ಸರಿಪಡಿಸಿದ ಕೆಲವೇ ತಿಂಗಳಲ್ಲಿ ಅಂಕಿ ಇಳಿಯುತ್ತದೆ. ಹೊಲದ ಗೊಬ್ಬರ ಇಡೀ ಪದರಕ್ಕೇ ಇಳಿದಿದ್ದರೆ ವರ್ಷಗಳೇ ಕಾಯಬೇಕು. ಅಲ್ಲಿಯವರೆಗೂ ಕುಡಿಯಲು ಆರ್‌ಓ ಅಥವಾ ಬೇರೆ ನೀರು. ಸ್ನಾನಕ್ಕೆ, ಬಟ್ಟೆ ಪಾತ್ರೆಗೆ ಈಗಿನದೇ ಸಾಕು.

ಪರೀಕ್ಷೆಯನ್ನು ವರ್ಷಕ್ಕೆ ಎರಡು ಸಲ ಮಾಡಿಸಿ. ಒಂದು ಬೇಸಿಗೆಯ ಕೊನೆಗೆ, ನೀರು ಕೆಳಗಿಳಿದಾಗ. ಇನ್ನೊಂದು ಜೋರು ಮಳೆಗಳು ಶುರುವಾಗಿ ಎರಡು ಮೂರು ವಾರಕ್ಕೆ. ಹತ್ತು ನಿಮಿಷ ಪಂಪ್ ಓಡಿಸಿ, ಟ್ಯಾಂಕಿನಿಂದಲ್ಲ, ಬೋರ್‌ನ ಪೈಪಿನಿಂದಲೇ ಬಾಟಲಿ ತುಂಬಿ. ನೈಟ್ರೇಟ್ ಜೊತೆ ಕ್ಲೋರೈಡ್, ಫ್ಲೋರೈಡ್, ಇ. ಕೋಲಿ ಕೇಳಿ ಮಾಡಿಸಿ. ಆರ್ಸೆನಿಕ್ ಒಮ್ಮೆ ನೋಡಿಸಿದರೆ ಸಾಕು. ಮಳೆ ಬಿದ್ದ ಕೂಡಲೇ ನೈಟ್ರೇಟ್ ಮತ್ತು ಬ್ಯಾಕ್ಟೀರಿಯಾ ಎರಡೂ ಜಿಗಿದರೆ ಬೋರ್‌ನ ಬಾಯಲ್ಲೋ ಕೇಸಿಂಗ್‌ನಲ್ಲೋ ತೂತಿದೆ, ಕೆಲಸದವರನ್ನು ಕರೆಸಿ. ಮಳೆಗೂ ಬೇಸಿಗೆಗೂ ಅಂಕಿ ಅಲುಗದೆ 80ರ ಆಸುಪಾಸಿನಲ್ಲೇ ನಿಂತಿದ್ದರೆ ಅಕ್ಕಪಕ್ಕದ ನಾಲ್ಕೈದು ಮನೆಯವರನ್ನು ಸೇರಿಸಿ ಅವರ ಬೋರ್‌ಗಳ ನೀರನ್ನೂ ಒಟ್ಟಿಗೆ ಪರೀಕ್ಷೆಗೆ ಕಳಿಸಿ. ಆ ರಿಪೋರ್ಟ್‌ಗಳು ಬಂದ ಮೇಲೆ, ಪ್ರತಿ ಬೋರ್ ಮತ್ತು ಪ್ರತಿ ಗುಂಡಿ ಎಲ್ಲಿದೆ ಎಂದು ಒಂದು ಕೈಬರಹದ ನಕ್ಷೆ ಮಾಡಿ ಜೊತೆಗೆ ಕಳಿಸಿದರೆ ಮುಂದಿನದನ್ನು ಹೇಳುತ್ತೇನೆ.